ಮನಸ್ಸಿನ ವಿಜ್ಞಾನಕ್ಕೆ ಮನುಷ್ಯರೇ ಬೇಡವೇ?

ಇಂದು ರಾಯಚೂರಿನ ಕಾಲೇಜೊಂದರಲ್ಲಿ ಇಸ್ಲಾಂ ಮತ್ತು ಅರಿವಿನ ವಿಜ್ಞಾನ (ಮನಸ್ಸು ಹೇಗೆ ಕೆಲಸ ಮಾಡುತ್ತದೆಂದು ಹುಡುಕುವ ವಿಜ್ಞಾನ) ಕುರಿತ ಉಪನ್ಯಾಸ ಕೇಳಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. (ನನ್ನ ಸಿಟ್ಟು ಇಳಿಯಲು ಎಷ್ಟು ಹೊತ್ತು ಬೇಕೆಂದು ನಿಮಗೆ ಗೊತ್ತೇ ಇದೆ.) ಪರದೆಯ ಮೇಲೆ ಮಿದುಳಿನ ಬಣ್ಣಬಣ್ಣದ ಚಿತ್ರ, ಪಕ್ಕದಲ್ಲಿ ಕುರಾನಿನ ಆಯತ್. ಮುಸಲ್ಮಾನರ ಮನಸ್ಸು ಹೀಗೇ ಎಂದು ತೀರ್ಪು. ಅಷ್ಟು ಹೊತ್ತಿನ ಮಾತಿನಲ್ಲಿ ಹರಕೆ ಹೊರುವ, ಹೆದರುವ, ನಮಾಜಿನ ನಡುವೆ ಅಂಗಡಿಯ ಲೆಕ್ಕ ನೆನಪಾಗುವ ಒಬ್ಬ ಮನುಷ್ಯನೂ ಬರಲಿಲ್ಲ.

ಹಿಂದೂಗಳೂ ಮುಸಲ್ಮಾನರೂ ಕೂಡಿ ಮಾಡುವ ಮುದಗಲ್ಲಿನ ಮೊಹರಂ ಬಗ್ಗೆ ಕೇಳಿದೆ. ಅದು ಜಾನಪದ, ಇಸ್ಲಾಂ ಅಲ್ಲ ಎಂದು ಹೇಳಿ ಉಪನ್ಯಾಸಕರು ಮುಂದಿನ ಚಿತ್ರಕ್ಕೆ ಹೋದರು.

ಸ್ವಾಮಿ, ಯಾವುದು ಇಸ್ಲಾಂ, ಯಾವುದು ಅಲ್ಲ ಎಂದು ಹೇಳಲು ಮೌಲ್ವಿಗಳಿದ್ದಾರೆ. ಅವರು ಅದಕ್ಕಾಗಿ ವರ್ಷಗಟ್ಟಲೆ ಓದಿರುತ್ತಾರೆ. ನೀವು ಮನಸ್ಸಿನ ವಿಜ್ಞಾನದವರು. ಗ್ರಂಥ ಹೇಳುವುದಕ್ಕೂ ಜನರ ತಲೆಯಲ್ಲಿ ನಡೆಯುವುದಕ್ಕೂ ಇರುವ ಅಂತರವೇ ನಿಮ್ಮ ಅನ್ನ. ಅದನ್ನೇ ಕಸವೆಂದು ಗುಡಿಸಿ ಹಾಕಿದರೆ ಹೇಗೆ?

1996ರಲ್ಲಿ ಮನೋವಿಜ್ಞಾನಿಗಳಾದ ಜಸ್ಟಿನ್ ಬ್ಯಾರೆಟ್ ಮತ್ತು ಫ್ರ್ಯಾಂಕ್ ಕೀಲ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗವಿದೆ. ನೇರವಾಗಿ ಕೇಳಿದರೆ ದೇವರು ಎಲ್ಲೆಡೆ ಇದ್ದಾನೆ, ಏಕಕಾಲಕ್ಕೆ ಎಲ್ಲವನ್ನೂ ಕೇಳುತ್ತಾನೆ ಎಂದರು. ದೇವರ ಕುರಿತ ಕಥೆ ಓದಿಸಿ ನೆನಪಿಸಿಕೊಳ್ಳಲು ಹೇಳಿದಾಗ, ಅವರ ದೇವರು ಒಬ್ಬರ ಕೆಲಸ ಮುಗಿಸಿ ಇನ್ನೊಬ್ಬರ ಕಡೆಗೆ ತಿರುಗುವ ಮನುಷ್ಯನಂತಾಗಿದ್ದ. ಮುಂದೆ ಬ್ಯಾರೆಟ್ ಭಾರತದ ಹಿಂದೂಗಳಲ್ಲೂ ಇಂಥದ್ದನ್ನೇ ಕಂಡರು.

ದಿನಾ ವಿಭೂತಿ ಹಚ್ಚುವ ನಮ್ಮ ದೊಡ್ಡಮ್ಮ ಮೊಹರಂನ ಕತ್ತಲರಾತ್ರಿಯಂದು ಪೀರಲ ದೇವರಿಗೆ ಸಕ್ಕರೆ ಓದಿಸಲು ಹೋಗುತ್ತಾಳೆ. ದೇವರೆಂದು ಕೂರಿಸುವ ಹಸ್ತದಾಕಾರದ ಪಂಜಾದ ಮುಂದೆ ಜನ ಮುಗಿಬಿದ್ದಿರುವಾಗ ಬಾಯಿ ಬಿಡುವುದಿಲ್ಲ. ಸಕ್ಕರೆಯ ಪುಡಿಕೆ ಹಿಡಿದು ಗೋಡೆಗೆ ಒರಗಿ ನಿಲ್ಲುತ್ತಾಳೆ. 'ಈಗ ಹೇಳಿದರೆ ದೇವರಿಗೆ ಕೇಳಿಸುವುದಿಲ್ಲ, ತಡಿ' ಎನ್ನುತ್ತಾಳೆ. ಪಕ್ಕದಲ್ಲಿ ನಿಂತ ಬೀಬಿಯೂ ಕಾಯುತ್ತಿರುತ್ತಾಳೆ. ದೇವರಿಗೆ ರೂಪವಿಲ್ಲ, ಅವನಿಗೆ ಎಲ್ಲವೂ ಕೇಳಿಸುತ್ತದೆ ಎಂದು ಇಬ್ಬರೂ ಬಲ್ಲರು. ಕೇಳಿದರೆ ಹಾಗೆಯೇ ಹೇಳುತ್ತಾರೆ ಕೂಡ. ಇದು ಜಾನಪದವಂತೆ!

ದಿನಕ್ಕೆ ಐದು ಹೊತ್ತಿನ ನಮಾಜು ಒಂದು ಬಗೆಯಲ್ಲಿ ನೆನಪಿಗೆ ಇಳಿಯುತ್ತದೆ, ವರ್ಷಕ್ಕೊಮ್ಮೆ ಮೊಹರಂನಲ್ಲಿ ಕುಣಿ ತೋಡಿ ಉರಿಸುವ ಬೆಂಕಿ, ಅಲಾಯಿ, ಇನ್ನೊಂದು ಬಗೆಯಲ್ಲಿ. ಮಾನವಶಾಸ್ತ್ರಜ್ಞ ಹಾರ್ವೆ ವೈಟ್‌ಹೌಸ್ ಪಪುವಾ ನ್ಯೂಗಿನಿಯಲ್ಲಿ ಇದ್ದು ಕಟ್ಟಿದ ವಾದವೇ ಇಂಥ ವ್ಯತ್ಯಾಸದ ಮೇಲೆ ನಿಂತಿದೆ. ಗ್ರಂಥ ಮಾತ್ರ ನೋಡುವವರಿಗೆ ಎರಡನೆಯದು ಕಾಣುವುದೇ ಇಲ್ಲ, ಮೊದಲನೆಯದೂ ಅರ್ಧವೇ ಕಾಣುತ್ತದೆ.

ಭಕ್ತಿಯನ್ನು ನಾಡಿಮಿಡಿತಕ್ಕೆ ಇಳಿಸಿದರೆ ಉಳಿಯುವುದೇನು ಎಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ, ಚಪ್ಪಾಳೆಯೂ ಬಿತ್ತು. ಆದರೆ ಜ್ವರ ಅಳೆದರೆ ರೋಗಿ ಸಣ್ಣವನಾಗುತ್ತಾನೆಯೇ? ಅಳೆಯದೆಯೇ 'ಅವರ ತಲೆಯೇ ಬೇರೆ' ಎನ್ನುವವರ ಬಗ್ಗೆ ಈ ಹಿರಿಯರಿಗೆ ಆತಂಕವಿಲ್ಲ.

ನಾನು ಯಾವ ದೇವರನ್ನೂ ನಂಬುವವನಲ್ಲ, ನಿಮಗೆ ಗೊತ್ತು. ಗೊತ್ತಿಲ್ಲದ್ದು ಹೇಳುತ್ತೇನೆ: ಮಗಳು ಆಸ್ಪತ್ರೆಯಲ್ಲಿದ್ದಾಗ ಅವಳನ್ನು ಮೊಹರಂನಲ್ಲಿ ಫಕೀರಳನ್ನಾಗಿ ಮಾಡುತ್ತೇನೆಂದು ಹರಕೆ ಹೊತ್ತವನು ನಾನೇ. ಹೆಂಡತಿಗೂ ಹೇಳದೆ. ಇದನ್ನು ಯಾವ ಆಯತ್ ವಿವರಿಸುತ್ತದೆ?

2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಪೇನಿನ ಸ್ಯಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲಿ ಕೆಂಡ ಹಾಯುವವರ ಎದೆಬಡಿತವೂ ನೋಡುತ್ತ ಕುಳಿತ ಅವರ ಬಂಧುಮಿತ್ರರ ಎದೆಬಡಿತವೂ ಹೊಂದಿಕೊಂಡು ಏರಿಳಿದಿದ್ದವು. ಸುಮ್ಮನೆ ನೋಡಲು ಬಂದವರಲ್ಲಿ ಹಾಗಾಗಲಿಲ್ಲ. ನಮ್ಮ ಕಡೆಯ ಅಲಾಯಿ ಕುಣಿಯ ಸುತ್ತಲೂ ಎದೆಬಡಿತ ಅಳೆಯುವ ಯಂತ್ರ ಕಟ್ಟಿ ನೋಡಲಿ. ಕುಣಿಯುವವರಲ್ಲಿ, ಉಪ್ಪು ಎರಚುವವರಲ್ಲಿ, ದೇವರು ಹೊತ್ತವರಲ್ಲಿ ಯಾರ ಎದೆ ಯಾರೊಂದಿಗೆ ಬಡಿಯುತ್ತದೆಂದು ಗೊತ್ತಾಗುತ್ತದೆ. ಆಮೇಲೆ ಆ ಪಟ್ಟಿಯ 'ಧರ್ಮ' ಎಂಬ ಕಾಲಂನಲ್ಲಿ ನಮ್ಮ ದೊಡ್ಡಮ್ಮನಿಗೆ ಏನು ಬರೆಯುತ್ತಾರೋ ನಾನೂ ನೋಡುತ್ತೇನೆ.