ಮನೆಯ ಮಾಡು ಹೆಂಚೋ ಶೀಟೋ, ಮೊದಲು ಅದನ್ನು ಹೇಳಿ

ಹೆಡ್‌ಫೋನ್ ಕೊಳ್ಳಲು ಹೊರಟವನ ಕುತ್ತಿಗೆಗೆ ಆಂಪ್ಲಿಫೈಯರ್ ಕಟ್ಟಿ ಕಳಿಸುವ ಈ ಚಟ ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ. ನಿನ್ನೆಯಿಂದ ತಲೆ ಕೆಟ್ಟಿದೆ. ಬರೆದುಬಿಟ್ಟರೆ ಸ್ವಲ್ಪ ಸಮಾಧಾನ ಆಗಬಹುದು.

ಕೊಡಗಿನ ನಾಪೋಕ್ಲು ಕಡೆ ಅಕ್ಕನ ಮನೆಗೆ ಹೋಗಿದ್ದೆ. ಕಕ್ಕಡದ (ಆಟಿ ತಿಂಗಳ) ಮಳೆ ಹೇಗೆ ಹೊಡೆಯುತ್ತದೆ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ಹಿಂದಿನ ಕೋಣೆಗೆ ಹಳೇ ಹೆಂಚು ತೆಗೆಸಿ ಶೀಟ್ ಹಾಕಿಸಿದ್ದಾರೆ. ಅಲ್ಲಿ ಕೂತರೆ ಪಕ್ಕದಲ್ಲಿದ್ದವರ ಜೊತೆಗೂ ಕೂಗಿ ಮಾತಾಡಬೇಕು. ಆ ಕೋಣೆಯಲ್ಲಿ ಅಕ್ಕನ ಮಗ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಎರಡೂ ಕೈಯಲ್ಲಿ ಅದನ್ನು ಕಿವಿಗೆ ಒತ್ತಿ ಹಿಡಿದು, ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ ನೋಡುತ್ತಿದ್ದ. ಕನ್ನಡ ಸಿನಿಮಾ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್! ಪಕ್ಕದಲ್ಲೊಂದು ಕಪ್ಪು ಪೆಟ್ಟಿಗೆ, ಅದರ ನಾಬ್ ಮುಕ್ಕಾಲು ಭಾಗ ತಿರುಗಿತ್ತು.

"ಇದೇನೋ?" ಅಂದೆ.

"ಹೊಸದು ಮಾವ. 300 ಓಮ್, ಓಪನ್ ಬ್ಯಾಕ್. ಆಂಪ್ ಇಲ್ದೆ ಇದು ಓಡೋದೇ ಇಲ್ವಂತೆ, ಅದಕ್ಕೆ ಅದನ್ನೂ ತಗೊಂಡೆ. ಆದ್ರೂ ಡೈಲಾಗ್ ಸರಿಯಾಗಿ ಕೇಳ್ತಿಲ್ಲ. ಇನ್ನೂ ಪವರ್ ಇರೋ ಆಂಪ್ ಬೇಕಂತೆ."

"ಅಂತೆ ಅಂದ್ರೆ? ಯಾರು ಹೇಳಿದ್ದು?"

ಬೆಂಗಳೂರಿನಲ್ಲಿರುವ ಅವನ ಗೆಳೆಯ. ಆ ಪುಣ್ಯಾತ್ಮ ಬಜೆಟ್ ಕೇಳಿದ್ದಾನೆ, ಯಾವ ಹಾಡು ಇಷ್ಟ ಅಂತ ಕೇಳಿದ್ದಾನೆ, ಯಾವ ಲ್ಯಾಪ್‌ಟಾಪ್ ಅಂತ ಕೇಳಿದ್ದಾನೆ. ಮಾಡು ಹೆಂಚೋ ಶೀಟೋ ಅಂತ ಕೇಳಿಲ್ಲ. ಹೇಗೆ ಕೇಳುತ್ತಾನೆ? ಅವನಿರುವುದು ಹತ್ತನೇ ಮಹಡಿಯಲ್ಲಿ, ಕಿಟಕಿ ಮುಚ್ಚಿದರೆ ಮಳೆ ಬರುತ್ತಿದೆಯೋ ಇಲ್ಲವೋ ಅಂತ ಫೋನ್ ನೋಡಿ ತಿಳಿಯಬೇಕು.

ಓಮ್ ಅಂದರೆ ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ. ಓಪನ್ ಬ್ಯಾಕ್ ಅಂದರೆ ಹಿಂಬದಿ ಜಾಲರಿ. ಒಳಗಿನ ಸದ್ದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುತ್ತದೆ. ಅದು ದೋಷ ಅಲ್ಲ, ಮಾಡಿರುವುದೇ ಹಾಗೆ. ಹಾಗಿರುವುದರಿಂದಲೇ ಹಾಡು ತಲೆಯೊಳಗೆ ಗಿಜಿಗುಟ್ಟದೆ ಸ್ವಲ್ಪ ದೂರದಿಂದ ಬಂದಂತೆ ಕೇಳಿಸುತ್ತದೆ. ಸೆನ್‌ಹೈಸರ್ ಎಚ್‌ಡಿ 600 ಬಂದಿದ್ದು 1997ರಲ್ಲಿ, ಇವತ್ತಿಗೂ ಜನ ಕೊಳ್ಳುತ್ತಿದ್ದಾರೆ ಅಂದರೆ ಸುಮ್ನೆ ಅಲ್ಲ. ಜನವರಿ ರಾತ್ರಿ ನಮ್ಮ ತೋಟದ ಮನೆಗಳಲ್ಲಿ ಓಪನ್ ಬ್ಯಾಕ್ ಹಾಕಿ ಕೂತರೆ ಬೆಂಗಳೂರಿನವರು ಹೊಟ್ಟೆ ಉರಿದುಕೊಳ್ಳಬೇಕು, ಅಷ್ಟು ನಿಶ್ಶಬ್ದ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಕೆಳಗೆ? ಮಳೆಯನ್ನೇ ಕೇಳುವುದಾದರೆ ಅಷ್ಟು ದುಡ್ಡು ಯಾಕೆ ಕೊಡಬೇಕು?

ನನ್ನ ಜೇಬಿನಲ್ಲಿ ರಬ್ಬರ್ ಬುಡ್ಡಿನ ಮಾಮೂಲಿ ಇಯರ್‌ಫೋನ್ ಇತ್ತು, ವೈರ್ ಇರೋದು. ಅದರ ಬುಡ್ಡು ಬದಲಾಯಿಸಿ, ಅವನ ಕಿವಿಗೆ ಸರಿ ಕೂರುವ ಸೈಜ್ ಹಾಕಿ, ಲ್ಯಾಪ್‌ಟಾಪ್‌ಗೆ ನೇರ ಚುಚ್ಚಿ ಕೊಟ್ಟೆ. ಹಾಕಿಕೊಂಡವನು ತಲೆ ಎತ್ತಿ ಮಾಡು ನೋಡಿದ.

"ಮಾವ, ಮಳೆ ನಿಂತ್ತಾ?"

ನಿಂತಿರಲಿಲ್ಲ. ವಾಲ್ಯೂಮ್ ಅರ್ಧಕ್ಕಿಂತ ಕೆಳಗಿತ್ತು. ಸಬ್‌ಟೈಟಲ್ ತೆಗೆದ.

ಇಷ್ಟೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಸಿಟ್ಟು ಬರೋದು ಆ "ಇನ್ನೂ ಪವರ್ ಬೇಕಂತೆ" ಅನ್ನೋ ಮಾತಿಗೆ. ಸುಂಟಿಕೊಪ್ಪದ ಅಂಗಡಿಯಲ್ಲಿ ನಾನು 4440 ಅನ್ನೋ ಆಂಪ್ ಐಸಿಯ ಬೋರ್ಡ್ ಕೂರಿಸಿ ಆಂಪ್ಲಿಫೈಯರ್ ಮಾಡಿಕೊಡುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿದೆ. ಆ ಐಸಿಯಿಂದ ಒಂದೊಂದು ಕಡೆಗೆ ಸುಮಾರು 6 ವ್ಯಾಟ್ ಸಿಗುತ್ತಿತ್ತು, ಅದರಲ್ಲೇ ಕೇರಿಗೆಲ್ಲಾ ಹಾಡು ಕೇಳಿಸುತ್ತಿತ್ತು. ಅದೇ ಕಾಲಕ್ಕೆ ಪ್ಯಾಕೆಟ್ ಗಾತ್ರದ ಸೆಟ್‌ಗಳ ಮೇಲೆ "1000 ವ್ಯಾಟ್ ಪಿಎಂಪಿಓ" ಅಂತ ಬಂಗಾರದ ಅಕ್ಷರದಲ್ಲಿ ಹೊಡೆದು ಮಾರುತ್ತಿದ್ದರು. ಪಿಎಂಪಿಓ ಅಂದರೆ ಕ್ಷಣಮಾತ್ರದ ಗರಿಷ್ಠ ಅಂತ ಹೇಳಿಕೊಳ್ಳುವ ಉಬ್ಬಿಸಿದ ಲೆಕ್ಕ. ಒಳಗೆ ಬಿಚ್ಚಿ ನೋಡಿದರೆ ಟ್ರಾನ್ಸ್‌ಫಾರ್ಮರ್ ನಿಂಬೆಹಣ್ಣಿನಷ್ಟು. ಈಗ ಅದೇ ಆಟ ಹೆಡ್‌ಫೋನ್‌ಗೆ ಬಂದಿದೆ, ಅಷ್ಟೇ. ಒಂದು ವ್ಯತ್ಯಾಸ ಇದೆ. ಆಗ ಸುಳ್ಳು ವ್ಯಾಟ್ ಮಾರುತ್ತಿದ್ದರು, ಈಗ ನಿಜವಾದ ವ್ಯಾಟನ್ನೇ ಬೇಡದವರಿಗೆ ಮಾರುತ್ತಾರೆ.

ಲೆಕ್ಕ ನೋಡಿ. ಸ್ಪೀಕರ್‌ಗೆ ವ್ಯಾಟ್ ಬೇಕು, ಹೆಡ್‌ಫೋನ್‌ಗೆ ಮಿಲಿವ್ಯಾಟ್ ಸಾಕು. ಫೋನಿಗೆ, ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಪುಟ್ಟ ಟೈಪ್-ಸಿ ಡಾಂಗಲ್ ಬರುತ್ತದಲ್ಲ, ಆಪಲ್‌ನದ್ದು ಸುಮಾರು 1 ವೋಲ್ಟ್ ಕೊಡುತ್ತದೆ. (ಕೆಲವು ಆಂಡ್ರಾಯ್ಡ್ ಫೋನಿನಲ್ಲಿ ಅದು ಪೂರ್ತಿ ಸದ್ದು ಕೊಡದೆ ಸತಾಯಿಸುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿರುತ್ತದೆ.) 300 ಓಮ್‌ಗೆ 1 ವೋಲ್ಟ್ ಅಂದರೆ ಮೂರು ಚಿಲ್ಲರೆ ಮಿಲಿವ್ಯಾಟ್. ಆ 300 ಓಮ್‌ನ ಎಚ್‌ಡಿ 650ಗೆ 1 ವೋಲ್ಟ್ ಕೊಟ್ಟರೆ 103 ಡೆಸಿಬಲ್ ಬರುತ್ತದೆ ಅಂತ ಕಂಪನಿಯೇ ಬರೆದುಕೊಂಡಿದೆ. ದೊಡ್ಡವರ ಕಿವಿಗೆ ವಾರಕ್ಕೆ 40 ಗಂಟೆ ಕೇಳಲು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ 80 ಡೆಸಿಬಲ್, ಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. ಈಗ ಹೇಳಿ, ಡಾಂಗಲ್ ಎಲ್ಲಿ ಸೋತಿತು?

ಇನ್ನೊಂದು. ವ್ಯಾಟ್ ಎರಡು ಪಟ್ಟು ಆದರೆ ಸದ್ದು ಎರಡು ಪಟ್ಟು ಆಗುವುದಿಲ್ಲ, 3 ಡೆಸಿಬಲ್ ಏರುತ್ತದೆ. ಕಿವಿಗೆ "ಸ್ವಲ್ಪ ಜಾಸ್ತಿ ಆಯ್ತೇನೋ" ಅನ್ನಿಸುವಷ್ಟು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ಪವರ್ ಬೇಕು. ಅಂದರೆ 1 ವ್ಯಾಟಿನ ಪೆಟ್ಟಿಗೆ ಮಾರಿ 2 ವ್ಯಾಟಿನದ್ದು ತಂದವನು ಸಾವಿರಾರು ರೂಪಾಯಿಗೆ 3 ಡೆಸಿಬಲ್ ತಂದ ಹಾಗೆ. ಅದನ್ನೂ ಅವನು ಬಳಸುವುದಿಲ್ಲ, ಬಳಸಿದರೆ ಕಿವಿ ಹೋಗುತ್ತದೆ.

ಓಮ್ ಒಂದನ್ನೇ ಹಿಡಿದುಕೊಂಡು ಭಜನೆ ಮಾಡುವವರಿಗೂ ಒಂದು ಮಾತು. ಅದರ ಪಕ್ಕದಲ್ಲೇ ಸೆನ್ಸಿಟಿವಿಟಿ (ಕೊಟ್ಟ ಪವರ್‌ಗೆ ಎಷ್ಟು ಸದ್ದು ಬರುತ್ತದೆ) ಅಂತ ಇನ್ನೊಂದು ಅಂಕಿ ಬರೆದಿರುತ್ತಾರೆ, ಅದನ್ನು ಓದಿ. ಹೈಫೈಮ್ಯಾನ್ ಎಚ್‌ಇ-6ಗೆ ಇರುವುದು 50 ಓಮ್ ಮಾತ್ರ, ಆದರೆ ಸೆನ್ಸಿಟಿವಿಟಿ 83.5 ಡೆಸಿಬಲ್. ಅದಕ್ಕೆ ನಿಜವಾಗಿಯೂ ಗಟ್ಟಿ ಆಂಪ್ ಬೇಕು. ಬೇಯರ್‌ಡೈನಾಮಿಕ್‌ನ 600 ಓಮ್ ಮಾಡೆಲ್‌ಗಳಿಗೂ ಫೋನಿನ 1 ವೋಲ್ಟ್ ಸಾಲದೆ ಹೋಗಬಹುದು. ಕಂಪ್ಯೂಟರ್‌ನ ಮುಂದಿನ ಜ್ಯಾಕ್‌ನಲ್ಲಿ ಮೌಸ್ ಆಡಿಸಿದಾಗಲೆಲ್ಲಾ ಕಿರ್ ಅಂತ ಸದ್ದು ಬರುತ್ತಿದ್ದರೆ ಹೊರಗಿನ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡುವ ಪೆಟ್ಟಿಗೆ) ಹಾಕಿ, ತಕರಾರಿಲ್ಲ. ಹಳೇ ಸ್ಟೀರಿಯೋ ಸೆಟ್‌ನ ಹೆಡ್‌ಫೋನ್ ತೂತಿಗೆ ಚುಚ್ಚಿದರೆ ಬೇಸ್ ಊದಿಕೊಂಡು ಕೇಳಿಸುವುದೂ ನಿಜ. ಅವುಗಳಲ್ಲಿ ಸ್ಪೀಕರ್ ಲೈನಿನಿಂದಲೇ ಒಂದು ದಪ್ಪ ರೆಸಿಸ್ಟರ್ ದಾಟಿಸಿ ಹೆಡ್‌ಫೋನ್‌ಗೆ ಕೊಟ್ಟಿರುತ್ತಾರೆ, ನಾನೇ ಎಷ್ಟೋ ಬದಲಾಯಿಸಿದ್ದೇನೆ. ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ (ಅದರ ಒಳಗಿನ ತಡೆ) ಕಡಿಮೆ ಇರಲಿ ಅನ್ನೋ ಲೆಕ್ಕ ಬಂದಿದ್ದೇ ಇದಕ್ಕೆ.

ಸರಿ, ಇಷ್ಟು ಒಪ್ಪಿದೆ. ತಕ್ಷಣ ಒಬ್ಬರು ಬಂದು, "ಅಣ್ಣಾ, ಪವರ್ ಮಾತ್ರ ಅಲ್ಲ, ಆಂಪ್ ಹಾಕಿದ್ಮೇಲೆ ಸೌಂಡ್ ತೆರ್ಕೊಳ್ತು, ಪದರ ಪದರವಾಗಿ ಕೇಳ್ತು" ಅನ್ನುತ್ತಾರೆ. ಕೇಳಿರುತ್ತದೆ, ಇಲ್ಲ ಅನ್ನೋದಿಲ್ಲ. ಒಂದೇ ಹಾಡನ್ನು ಕೂದಲೆಳೆಯಷ್ಟು ಜೋರಾಗಿ ಹಾಕಿದರೂ ನಮ್ಮ ಕಿವಿಗೆ ಅದೇ ಚೆಂದ. ಎರಡನ್ನೂ ಮೀಟರ್ ಇಟ್ಟು ಸಮ ಮಾಡಿ, ಯಾವುದು ಅಂತ ಹೇಳದೆ ಬದಲಾಯಿಸಿ ಕೇಳಿಸಿ. ಆಮೇಲೂ ಪದರ ಎಣಿಸಿದರೆ ನಾನೇ ಕುಶಾಲನಗರಕ್ಕೆ ಬಂದು ಊಟ ಹಾಕಿಸುತ್ತೇನೆ. ಈ ಬಾಜಿ ಕಟ್ಟಲು ಇವತ್ತಿನವರೆಗೂ ಯಾರೂ ಮುಂದೆ ಬಂದಿಲ್ಲ.

ದೊಡ್ಡ ಆಂಪ್‌ನಿಂದ ಕಷ್ಟವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಸಣ್ಣ ಇಯರ್‌ಫೋನನ್ನು ಅದಕ್ಕೆ ಚುಚ್ಚಿ ನೋಡಿ. ಹಾಡು ಶುರುವಾಗುವ ಮೊದಲೇ ಸ್‌ಸ್‌ಸ್ ಅಂತ ಸದ್ದು. ನಾಬ್ ಒಂದು ಚೂರು ತಿರುಗಿಸಿದರೆ ಎಡಗಿವಿಗೆ ಮಾತ್ರ ಕೇಳುತ್ತದೆ, ಇನ್ನೊಂದು ಚೂರು ತಿರುಗಿಸಿದರೆ ಎರಡೂ ಕಿವಿ ಹಾರಿಹೋಗುತ್ತದೆ. ನಾಬ್‌ನ ಹಿಂದಿರುವ ವಾಲ್ಯೂಮ್ ಪಾಟ್‌ನ ಒಳಗಿನ ಎರಡು ಪಟ್ಟಿಗಳು ಶುರುವಿನಲ್ಲಿ ಸಮ ಇರುವುದಿಲ್ಲ, ಅದಕ್ಕೇ ಹೀಗೆ. ಗೇನ್ ಸ್ವಿಚ್ (ಆಂಪ್ ಸದ್ದನ್ನು ಎಷ್ಟು ಪಟ್ಟು ಏರಿಸಬೇಕು ಅನ್ನೋದು) ಇದ್ದರೆ ಕೆಳಗಿಟ್ಟುಕೊಳ್ಳಿ.

ಇನ್ನು ಸಿನಿಮಾ. ಡೈಲಾಗ್ ಕೇಳದಿದ್ದರೆ ಆಂಪ್ ಅನ್ನುವುದು ಎಲ್ಲಕ್ಕಿಂತ ದೊಡ್ಡ ತಮಾಷೆ. ಆರು ಸ್ಪೀಕರ್‌ಗೆ ಹಂಚಿದ 5.1 ಟ್ರ್ಯಾಕ್‌ನಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ನಲ್ಲಿ ಇರುತ್ತದೆ. ಹೆಡ್‌ಫೋನ್‌ಗೆ ನಡುವಿನ ಸ್ಪೀಕರ್ ಎಲ್ಲಿದೆ? ಅದನ್ನು ತಗ್ಗಿಸಿ ಎಡಕ್ಕೂ ಬಲಕ್ಕೂ ಹಂಚುತ್ತಾರೆ, ಮೇಲಿಂದ ಹಿನ್ನೆಲೆ ಸಂಗೀತ ಕೂರುತ್ತದೆ. ಥಿಯೇಟರಿಗಾಗಿ ಮಿಕ್ಸ್ ಮಾಡಿದ್ದರಲ್ಲಿ ಪಿಸುಮಾತಿಗೂ ಬಾಂಬಿಗೂ ಭಾರೀ ಅಂತರ ಬೇರೆ. ನೀವು ನಾಬ್ ತಿರುಗಿಸಿದರೆ ಪಿಸುಮಾತು ಏರುತ್ತದೆ, ಬಾಂಬೂ ಅಷ್ಟೇ ಏರುತ್ತದೆ. ಆಡಿಯೋ ಪಟ್ಟಿಯಲ್ಲಿ ಬರೀ ಸ್ಟೀರಿಯೋ ಟ್ರ್ಯಾಕ್ ಇದ್ದರೆ ಅದನ್ನು ಆರಿಸಿ. ಫೈಲ್ ನೋಡುವವರು ವಿಎಲ್‌ಸಿ ಪ್ಲೇಯರ್‌ನಲ್ಲಿ ಕಂಪ್ರೆಸರ್ (ಆ ಅಂತರ ತಗ್ಗಿಸುವುದು) ಆನ್ ಮಾಡಿ. ಎರಡೂ ಪುಕ್ಕಟೆ. ಪುಕ್ಕಟೆ ಆಗಿರುವುದರಿಂದಲೇ ಇದನ್ನು ಯಾರೂ ವಿಡಿಯೋ ಮಾಡಿ ಹೇಳುವುದಿಲ್ಲ ಅಂತ ನನ್ನ ಅನುಮಾನ.

ಹಾಡಿಗೆ ಹೆಡ್‌ಫೋನ್ ಆರಿಸುವವರಿಗೆ ನನ್ನದೊಂದು ಪರೀಕ್ಷೆ ಇದೆ. ಬೆಂಗಳೂರಿಗೆ ಹೋದಾಗ ಹಾಕಿ ನೋಡಲು ಬಿಡುವ ಅಂಗಡಿ ಹುಡುಕಿ. ಅವರು ಹಾಕುವ ಡೆಮೋ ಹಾಡು ಬೇಡ ಅನ್ನಿ, ಅದು ಚೆನ್ನಾಗಿ ಕೇಳಲೆಂದೇ ಆರಿಸಿದ್ದು. ನಿಮ್ಮ ಫೋನಿನಲ್ಲಿ ನಮ್ಮ ಪುಟ್ಟ ಚರ್ಮವಾದ್ಯ ದುಡಿಯ ಹಾಡಿನ ಒಂದು ಒಳ್ಳೆಯ ರೆಕಾರ್ಡಿಂಗ್ ಇಟ್ಟುಕೊಳ್ಳಿ. ಪುತ್ತರಿ ಸುಗ್ಗಿ ಹಬ್ಬಕ್ಕೆ ಎದುರು ನಿಂತು ದುಡಿ ಕೇಳಿದವರು ನಾವು. ಕಡ್ಡಿ ಚರ್ಮಕ್ಕೆ ಬೀಳುವ 'ಟಕ್', ಅದರ ಹಿಂದೆಯೇ ಬರುವ ಸಣ್ಣ ಗುಂಯ್, ಇವೆರಡೂ ಬೇರೆಬೇರೆಯಾಗಿ ಕೇಳಬೇಕು. ದುಡಿ ಡೋಲಿನ ಹಾಗೆ ಧಂ ಅಂದರೆ ಆ ಹೆಡ್‌ಫೋನಿಗೆ ಬೇಸ್ ತುರುಕಿದ್ದಾರೆ ಅಂತ ಅರ್ಥ. ವಾಲಗದ ಕೊಂಬು ಊದಿದಾಗ ಕಿವಿ ಚುಚ್ಚಿದರೆ ಮೇಲಿನ ಸ್ವರ ಜಾಸ್ತಿ. ಈ ಪರೀಕ್ಷೆಯಲ್ಲಿ ದುಬಾರಿಯದ್ದು ಬಿದ್ದು ಅಗ್ಗದ್ದು ಪಾಸಾಗಿದ್ದನ್ನು ಕಣ್ಣಾರೆ, ಅಲ್ಲ, ಕಿವಿಯಾರೆ ಕೇಳಿದ್ದೇನೆ. ಹಾಗೇ ಕನ್ನಡಕ ಹಾಕಿಕೊಂಡೇ ಸ್ವಲ್ಪ ಹೊತ್ತು ಕೂತು ನೋಡಿ. ಅರ್ಧ ಕಿಲೋ ದಾಟುವ ಹೆಡ್‌ಫೋನ್‌ಗಳಿವೆ, ಇಂಟರ್ವಲ್ ಹೊತ್ತಿಗೆ ಕುತ್ತಿಗೆ ಹಿಡಿಯುತ್ತದೆ.

ನಮ್ಮೂರಿನ ಬೇರೆ ರಗಳೆಗಳನ್ನೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಗೋಡೆಗೆ ಚುಚ್ಚುವ ಆಂಪ್ ಆಗ ಪೇಪರ್ ಹಾರದಂತೆ ಇಡಲು ಒಳ್ಳೆಯದು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಾಕಿದರೆ ಗುಯ್‌ಗುಟ್ಟುತ್ತದೆ. ಮೆತ್ತೆಗಳಿಗೆ ಬೂಷ್ಟು ಹಿಡಿಯುತ್ತದೆ, ಅದರಲ್ಲೂ ವೆಲ್ವೆಟ್ ಥರದ ಬಟ್ಟೆಯ ಮೆತ್ತೆಗೆ ಇನ್ನೂ ಬೇಗ. ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸಿಡುತ್ತೀರಲ್ಲ, ಹೆಡ್‌ಫೋನನ್ನೂ ಅಲ್ಲೇ ಇಡಿ, ಬಲ್ಬಿಗೆ ತಾಗದ ಹಾಗೆ. ಮತ್ತೆ, ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯ ಹುಡುಗರೇ, ಕಿವಿ ಮುಚ್ಚುವ ಯಾವುದನ್ನೂ, ನಾಯ್ಸ್ ಕ್ಯಾನ್ಸಲಿಂಗ್ ಅಂತೂ ಬೇಡವೇ ಬೇಡ, ತೋಟದ ದಾರಿಯಲ್ಲಿ ಹಾಕಿಕೊಂಡು ನಡೆಯಬೇಡಿ. ಆನೆ ಕೊಂಬೆ ಮುರಿಯುವ ಸದ್ದು ನಿಮಗೆ ಮೊದಲು ಕೇಳಬೇಕು. ಇದು ತಮಾಷೆಗೆ ಹೇಳುತ್ತಿಲ್ಲ.

ಇಷ್ಟೆಲ್ಲಾ ಹೇಳುವ ನನ್ನ ಕಿವಿಗೇ ಈಗ 12 ಕಿಲೋಹರ್ಟ್ಜ್ ಮೇಲೆ ಏನೂ ಕೇಳಿಸುವುದಿಲ್ಲ. ಟೋನ್ ಹಾಕಿ ನೋಡಿಕೊಂಡಿದ್ದೇನೆ. ವಯಸ್ಸು ಒಂದು ಕಡೆ, ಅಂಗಡಿಯಲ್ಲಿ ಹಾರ್ನ್ ಸ್ಪೀಕರ್ ಟೆಸ್ಟ್ ಮಾಡಿದ್ದು ಒಂದು ಕಡೆ. ಆ ರಾತ್ರಿ ಯಾಕೋ ನಿದ್ದೆ ಬರಲಿಲ್ಲ. 1982ರಲ್ಲಿ ಸಿಡಿ ಬಂದಾಗಲೇ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆಯುವ 44.1 ಕಿಲೋಹರ್ಟ್ಜ್ ಇಟ್ಟಿದ್ದು, ಮನುಷ್ಯ ಕೇಳುವ 20 ಕಿಲೋಹರ್ಟ್ಜ್‌ವರೆಗೆ ಅದರಲ್ಲಿ ಸಲೀಸಾಗಿ ಹಿಡಿಸುತ್ತದೆ. ಹಾಗಿರುವಾಗ ಮಡಿಕೇರಿ ದಸರಾದಲ್ಲಿ ದಶಮಂಟಪದ ಸ್ಪೀಕರ್ ಗೋಡೆಗೆ ಆತು ನಿಂತು ಬೆಳಗಿನವರೆಗೆ ಕುಣಿದವನು ಮಾರನೇ ದಿನ ಬಂದು "192 ಕಿಲೋಹರ್ಟ್ಜ್ ಸಪೋರ್ಟ್ ಇರೋ ಡ್ಯಾಕ್ ಯಾವ್ದು ಅಣ್ಣಾ?" ಅಂದರೆ ನಾನೇನು ಹೇಳಲಿ?

ಅಕ್ಕನ ಮಗನಿಗೆ ಹೇಳಿದ್ದೇನೆ: ಆ ಓಪನ್ ಬ್ಯಾಕ್ ಮಾರಬೇಡ, ನವೆಂಬರ್‌ವರೆಗೆ ಬೀರುವಿನಲ್ಲಿರಲಿ. ಆಂಪ್ ವಾಪಸ್ ತಗೊಂಡರೆ ಕೊಟ್ಟುಬಿಡು. ಆ ದುಡ್ಡಲ್ಲಿ ಕಿವಿ ಪೂರ್ತಿ ಮುಚ್ಚುವ ಕ್ಲೋಸ್ಡ್ ಬ್ಯಾಕ್ ಒಂದು ತಗೋ, ಉಳಿದಿದ್ದನ್ನು ಅಮ್ಮನಿಗೆ ಕೊಡು, ಶೀಟ್ ಕೆಳಗೆ ಸೀಲಿಂಗ್ ಹೊಡೆಸಲಿ. ಅವನು ತಲೆ ಆಡಿಸಿದ. ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಕಳಿಸಿದ್ದಾನೆ. ಬೆಳ್ಳಿ ತಂತಿಯ ಹೆಡ್‌ಫೋನ್ ಕೇಬಲ್, "ಇದು ಹೇಗೆ ಮಾವ?" ಅಂತ. ಇನ್ನೂ ಉತ್ತರ ಕೊಟ್ಟಿಲ್ಲ, ಬಿಪಿ ಮಾತ್ರೆ ತಗೊಂಡ ಮೇಲೆ ಬರೆಯುತ್ತೇನೆ.