ಆಂಪ್ಲಿಫೈಯರ್‌ಗೆ ಗ್ಲೋಬಲ್ ಫೀಡ್‌ಬ್ಯಾಕ್ ಬೇಕೇ?

ಪರ

ಆಂಪ್ಲಿಫೈಯರ್‌ನಿಂದ ಹೊರಬರುವ ಸಿಗ್ನಲ್‌ನ ಒಂದು ಪಾಲನ್ನು ಮತ್ತೆ ಇನ್‌ಪುಟ್‌ಗೆ ತಂದು, ಹೋಲಿಸಿ, ತಪ್ಪು ತಿದ್ದುವುದು ಗ್ಲೋಬಲ್ ಫೀಡ್‌ಬ್ಯಾಕ್. ಒಂದೊಂದು ಹಂತದ ಒಳಗೇ ತಿದ್ದಿದರೆ ಅದು ಲೋಕಲ್. ಉಡುಪಿಯಲ್ಲಿ ನಾವು ಕೆಲವರು ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುತ್ತೇವೆ. ಪರೀಕ್ಷೆಗೆ ಹಾಕುವುದು ಯಕ್ಷಗಾನದ ರೆಕಾರ್ಡಿಂಗ್. ಭಾಗವತರು ದನಿ ತಗ್ಗಿಸಿ ಹಾಡುವಾಗ ಆಂಪ್ಲಿಫೈಯರ್‌ನ ಬಣ್ಣ ಬಯಲಾಗುತ್ತದೆ. ಕ್ಲಾಸ್ ಎಬಿ ಆಂಪ್ಲಿಫೈಯರ್‌ನಲ್ಲಿ ಅಲೆಯ ಎರಡು ಅರ್ಧಗಳನ್ನು ಎರಡು ಟ್ರಾನ್ಸಿಸ್ಟರ್‌ಗಳು ಹಂಚಿಕೊಳ್ಳುತ್ತವೆ. ಒಂದು ಟ್ರಾನ್ಸಿಸ್ಟರ್ ಇನ್ನೊಂದಕ್ಕೆ ಕೆಲಸ ಒಪ್ಪಿಸುವ ಜಾಗದಲ್ಲಿ ಸಿಗ್ನಲ್ ವಿಕಾರವಾಗುತ್ತದೆ, ಇದೇ ಕ್ರಾಸ್‌ಓವರ್ ಡಿಸ್ಟಾರ್ಷನ್. ಸಣ್ಣ ದನಿಯಲ್ಲೇ ಅದು ಜಾಸ್ತಿ ಚುಚ್ಚುತ್ತದೆ.

ಲೋಕಲ್ ಫೀಡ್‌ಬ್ಯಾಕ್ ಸಾಕು ಅನ್ನುವವರು ಇದನ್ನು ಗಮನಿಸಬೇಕು. ಔಟ್‌ಪುಟ್‌ನ ಎಮಿಟರ್ ಫಾಲೋವರ್‌ನಲ್ಲಿ (ಸ್ಪೀಕರ್‌ಗೆ ಕರೆಂಟ್ ಕೊಡುವ ಕೊನೆಯ ಹಂತದಲ್ಲಿ) ಲೋಕಲ್ ಫೀಡ್‌ಬ್ಯಾಕ್ ಧಾರಾಳವಾಗಿಯೇ ಇದೆ. ಆದರೂ ಆ ದೋಷ ಉಳಿದಿದೆ ಅಲ್ವಾ? ಸ್ಪೀಕರ್‌ಗೆ ಹೋಗುವ ಸಿಗ್ನಲ್ಲನ್ನು ಇನ್‌ಪುಟ್‌ಗೆ ತಂದು ಹೋಲಿಸಿದರೆ ಮಾತ್ರ ಅದು ಸಿಕ್ಕಿಬೀಳುತ್ತದೆ. 1927ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್‌ಗೆ ಹೊಳೆದದ್ದು ಇದೇ. ದೂರದ ಟೆಲಿಫೋನ್ ಲೈನ್‌ನಲ್ಲಿ ಸಾಲಾಗಿ ಕೂತ ಆಂಪ್ಲಿಫೈಯರ್‌ಗಳು ಒಂದರ ತಪ್ಪಿಗೆ ಇನ್ನೊಂದು ಸೇರಿಸುತ್ತಿದ್ದವು.

ಕೊಡುವುದಾದರೆ ಕೈಬಿಚ್ಚಿ ಕೊಡಿ. ಸ್ವಲ್ಪವೇ ಫೀಡ್‌ಬ್ಯಾಕ್ ಕೊಟ್ಟರೆ ಮೊದಲಿಲ್ಲದ ಮೇಲಿನ ಹಾರ್ಮೋನಿಕ್‌ಗಳು (ಮೂಲ ಫ್ರೀಕ್ವೆನ್ಸಿಯ ಹಲವು ಪಟ್ಟಿನ ಸ್ವರಗಳು) ಹುಟ್ಟಬಹುದು ಎಂದು ಬ್ರಿಟಿಷ್ ಎಂಜಿನಿಯರ್ ಪೀಟರ್ ಬ್ಯಾಕ್ಸಂಡಾಲ್ 1978ರಲ್ಲಿ ತೋರಿಸಿದರು. ಪ್ರಮಾಣ ಸಾಕಷ್ಟು ಏರಿಸಿದರೆ ಅವೂ ಇಳಿಯುತ್ತವೆ. ಹೆದರಿ ಅರ್ಧಕ್ಕೆ ನಿಲ್ಲಿಸುವುದೇ ಕೆಟ್ಟದ್ದು.

ವಿರೋಧ

ಮೇಲಿನ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಸಿಗ್ನಲ್ ಹಂತಗಳನ್ನು ದಾಟುವಾಗ ತಡವಾಗುತ್ತದೆ. ಫ್ರೀಕ್ವೆನ್ಸಿ ಏರಿದಂತೆ ಆ ತಡದಿಂದ ಫೇಸ್ (ಅಲೆಯ ಏರಿಳಿತದ ಸ್ಥಾನ) ತಿರುಗಿ, ತಪ್ಪನ್ನು ತಿದ್ದಬೇಕಾದ ಸಿಗ್ನಲ್ ತಪ್ಪಿಗೇ ಕೂಡಿಕೊಳ್ಳುತ್ತದೆ. ಆಂಪ್ಲಿಫೈಯರ್ ತಾನೇ ಆಸಿಲೇಟ್ ಆಗಬಹುದು, ಅಂದರೆ ಇನ್‌ಪುಟ್ ಇಲ್ಲದೆಯೂ ಸಿಗ್ನಲ್ ಹುಟ್ಟಿಸಬಹುದು. ಉದ್ದದ ಸ್ಪೀಕರ್ ಕೇಬಲ್‌ನ ಕೆಪಾಸಿಟೆನ್ಸ್ ಸೇರಿದರೆ ಅಪಾಯ ಇನ್ನೂ ಹೆಚ್ಚು. ಇದನ್ನು ತಡೆಯಲು ಕಾಂಪೆನ್ಸೇಷನ್ ಕೆಪಾಸಿಟರ್ ಹಾಕುತ್ತಾರೆ. ಅದು ಮೇಲಿನ ಫ್ರೀಕ್ವೆನ್ಸಿಯಲ್ಲಿ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಕತ್ತರಿಸುತ್ತದೆ. ಹಾಗಾಗಿ 1 ಕಿಲೋಹರ್ಟ್ಸ್‌ನಲ್ಲಿ ಸಿಕ್ಕಷ್ಟು ಫೀಡ್‌ಬ್ಯಾಕ್ 20 ಕಿಲೋಹರ್ಟ್ಸ್‌ನಲ್ಲಿ ಸಿಗುವುದಿಲ್ಲ.

ಈಗ ಚೆಂಡೆಯ ಪೆಟ್ಟು ಬರಲಿ. ಸಣ್ಣ ಆಂಪ್ಲಿಫೈಯರ್ ಒಂದು ಕ್ಷಣ ಕ್ಲಿಪ್ ಆಗುತ್ತದೆ, ಅಂದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಆಗ ಫೀಡ್‌ಬ್ಯಾಕ್ ಲೂಪ್ ಕೈಚೆಲ್ಲುತ್ತದೆ. ಒಳಗಿನ ಹಂತಗಳು ಮಿತಿ ಮುಟ್ಟಿ ಸ್ಯಾಚುರೇಟ್ ಆಗಿ, ಚೇತರಿಸಿಕೊಳ್ಳಲು ಸಮಯ ಬೇಕಾಗಬಹುದು. ಗ್ಲೋಬಲ್ ಬಿಟ್ಟು, ಲೋಕಲ್ ಫೀಡ್‌ಬ್ಯಾಕ್‌ಗೆ ಪ್ರತಿ ಹಂತಕ್ಕೂ ಎಮಿಟರ್ ರೆಸಿಸ್ಟರ್ ಕೊಟ್ಟು, ಔಟ್‌ಪುಟ್ಟನ್ನು ಕ್ಲಾಸ್ ಎ (ಟ್ರಾನ್ಸಿಸ್ಟರ್ ಎಂದೂ ಆಫ್ ಆಗದಂತೆ) ಮಾಡಿದರೆ ಕ್ರಾಸ್‌ಓವರ್ ತೊಂದರೆ ಹುಟ್ಟುವುದೇ ಇಲ್ಲ, ಕ್ಲಿಪ್ಪಿಂಗ್ ಕೂಡ ಮೆತ್ತಗಿರುತ್ತದೆ. ಬಿಸಿ ಜಾಸ್ತಿ, ನಿಜ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ದೊಡ್ಡ ಹೀಟ್‌ಸಿಂಕ್ ಬೇಕೇ ಬೇಕು. ಔಟ್‌ಪುಟ್ ಇಂಪೀಡೆನ್ಸ್ (ಆಂಪ್ಲಿಫೈಯರ್‌ನ ಒಳತಡೆ) ಸ್ವಲ್ಪ ಏರುತ್ತದೆ, ಸ್ಪೀಕರ್ ನೋಡಿ ಆರಿಸಬೇಕು.

ನನಗೆ ಮುಖ್ಯ ಆಗುವುದು ರಿಪೇರಿ. ಕರಾವಳಿಯ ಮಳೆಗಾಲದ ತೇವಕ್ಕೆ ಬೋರ್ಡು ಹಿಡಿಯುವ ಕಿಲುಬು ನಮಗೆಲ್ಲ ಗೊತ್ತು. ಡಿಸಿ ಕಪ್ಲಿಂಗ್ (ಕೆಪಾಸಿಟರ್ ಇಲ್ಲದೆ ಹಂತಗಳನ್ನು ನೇರ ಜೋಡಿಸುವುದು) ಇರುವ ಗ್ಲೋಬಲ್ ಲೂಪಿನಲ್ಲಿ ಒಂದು ಬಿಡಿಭಾಗ ಹಾಳಾದರೆ ಎಲ್ಲ ಹಂತಗಳ ವೋಲ್ಟೇಜೂ ಕೆಡುತ್ತದೆ. ಮೂಲ ಹುಡುಕುವುದು ತಲೆನೋವು. ಲೋಕಲ್ ಫೀಡ್‌ಬ್ಯಾಕ್ ಇಟ್ಟು, ಹಂತಗಳ ನಡುವೆ ಕೆಪಾಸಿಟರ್ ಹಾಕಿ ಕಟ್ಟಿದ ಆಂಪ್ಲಿಫೈಯರ್‌ನಲ್ಲಿ ಮಲ್ಟಿಮೀಟರ್ ಹಿಡಿದು ಹಂತ ಹಂತವಾಗಿ ಹೋದರೆ ಕೆಟ್ಟ ಜಾಗ ಸಿಗುತ್ತದೆ.