ದೇವರೂ ಜಿಂಕೆಯೂ ಮಲಗುವ ಹೊತ್ತು

ದಸರಾ ರಜೆಗೆ ಪುಣೆಯಿಂದ ಅಕ್ಕ, ಭಾವ, ಅವರ ಮಗ ಚಿಂಟು ಬಂದಿಳಿದರು. 'ನಿಮ್ಮ ತುಮಕೂರಲ್ಲಿ ನೋಡೋಕೆ ಏನಿದೆ?' ಎಂದು ಭಾವ ಕಾಫಿ ಕುಡಿಯುತ್ತಾ ಸುಮ್ನೆ ಕೇಳಿದರು. ನನಗೆ ಅದು ಸುಮ್ನೆ ಕೇಳಿದ ಹಾಗೆ ಕೇಳಿಸಲಿಲ್ಲ. ರಾತ್ರಿ ಊಟ ಮುಗಿಸಿ ಹಾಳೆ, ಸ್ಕೇಲು, ಎರಡು ಬಣ್ಣದ ಪೆನ್ನು ಇಟ್ಟುಕೊಂಡು ಕೂತೆ.

ಭಾವನಿಗೆ ಕೋಟೆ ಬೇಕು. ಅಮ್ಮನಿಗೆ ಗುಡಿ ಬೇಕು. ಚಿಂಟುಗೆ ಪ್ರಾಣಿ ಬೇಕು, ಅದಕ್ಕೆಂದೇ ಕೊರಳಲ್ಲಿ ಒಂದು ದುರ್ಬೀನು. ಅಕ್ಕನಿಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ. ಅವಳೇ ಹೇಳಿದಳು, ನಿದ್ದೆ.

ಹಾಳೆ ತುಂಬಿತು. ಬೆಳಿಗ್ಗೆ 7ಕ್ಕೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, 20 ನಿಮಿಷ. ಆಮೇಲೆ ದೇವರಾಯನದುರ್ಗ, ಗೊರವನಹಳ್ಳಿ ಮಹಾಲಕ್ಷ್ಮಿ, ಮಧುಗಿರಿ ಬೆಟ್ಟ, ಮೈದನಹಳ್ಳಿಯ ಕೃಷ್ಣಮೃಗ, ಪಾವಗಡದ ಶನಿಮಹಾತ್ಮ, ವಾಪಸ್ ಬರುವಾಗ ಶಿರಾ ಮೇಲೆ ಹಾದು ಸೀಬಿ ನರಸಿಂಹ. ಮನೆಗೆ ರಾತ್ರಿ 8:10. ಆ 10 ನಿಮಿಷ ಬರೆದಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಎರಡು ಜಾಗ ಬಿಟ್ಟೆ. ಒಂದು ಶಿರಾ ಹತ್ತಿರದ ಕಗ್ಗಲಡು. ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಆದರೆ ದಸರಾ ಹೊತ್ತಿಗೆ ಮರಿಗಳು ಹಾರಿ ಗೂಡು ಖಾಲಿ. ಇನ್ನೊಂದು ಕೈದಾಳ. ಜಕಣಾಚಾರಿ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ಕಪ್ಪೆ ಇದೆ ಎಂದು ಮಗ ಡಂಕಣಾಚಾರಿ ತೋರಿಸಿದ್ದು, ಅಪ್ಪ ತನ್ನ ಕೈ ಕತ್ತರಿಸಿಕೊಂಡಿದ್ದು, ಆ ಕೈ ಮತ್ತೆ ಬಂದ ಊರೇ ಕೈದಾಳ ಅಂತ ಕಥೆ. ಅದನ್ನು ಯಾಕೆ ಬಿಟ್ಟೆ ಅಂದರೆ ಮನೆಗೆ ತೀರಾ ಹತ್ತಿರ. ಯಾವಾಗ ಬೇಕಾದರೂ ನೋಡಬಹುದು. 19 ವರ್ಷದಿಂದ ಹಾಗೇ ಅಂದುಕೊಂಡಿದ್ದೇನೆ.

ಹಾಳೆಗೆ ಮೊದಲ ಏಟು ಕೊಟ್ಟಿದ್ದು ಇಡ್ಲಿ. ಭಾವ ಮೊದಲನೆಯದರ ಫೋಟೊ ತೆಗೆದರು, ಎರಡನೆಯದನ್ನು ತಿಂದರು, ಮೂರನೆಯದಕ್ಕೆ ಕಾದರು. ಅಷ್ಟಗಲದ ಇಡ್ಲಿ ಹಬೆಯಲ್ಲಿ ಬೇಯೋಕೆ ಅದರದ್ದೇ ಟೈಮು ಬೇಕು, ನನ್ನ ಹಾಳೆ ನೋಡಿಕೊಂಡು ಬೇಯುವುದಿಲ್ಲ. ಹೊರಟಾಗ 8:15.

ದೇವರಾಯನದುರ್ಗದಲ್ಲಿ ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಅಮ್ಮ ಕೆಳಗಿನ ಗುಡಿಯಲ್ಲಿ ಕೂತವಳು ಏಳಲೇ ಇಲ್ಲ. 'ಭೋಗ ಆಯ್ತಲ್ಲಮ್ಮ, ಯೋಗಕ್ಕೆ ನಡಿ' ಎಂದೆ. 'ಮೆಟ್ಟಿಲು ನೀವು ಹತ್ತಿ, ನಾನು ಇಲ್ಲಿಂದಲೇ ಕೈ ಮುಗೀತೀನಿ' ಎಂದಳು. ಮೇಲೆ ಬೇಕಾದಷ್ಟು ಕೋತಿಗಳಿದ್ದವು. 'ಇವನ್ನು ಪ್ರಾಣಿಗಳ ಲೆಕ್ಕಕ್ಕೆ ಸೇರಿಸೋಣವಾ?' ಎಂದು ಚಿಂಟುನ ಕೇಳಿದೆ. 'ಮಾಮ, ಮೋಸ' ಎಂದ.

ಆವತ್ತಿನ ಒಂದು ಗುಡಿಯಲ್ಲಿ, ಯಾವುದು ಅಂತ ಬೇಡ, ಭಾವನ ಶೂ ಕಾಣೆಯಾಯಿತು. ಯಾರೋ ಭಕ್ತರು ಹಾಕಿಕೊಂಡು ಹೋಗಿದ್ದರು. ಮಧುಗಿರಿ ಹತ್ತಲೆಂದೇ ಕೊಂಡ ಶೂ ಅದು. ಎಂಥಾ ಬಂಡೆಯಲ್ಲೂ ಜಾರುವುದಿಲ್ಲ ಅಂತ ಹಿಂದಿನ ರಾತ್ರಿ ಅರ್ಧ ಗಂಟೆ ಭಾಷಣ ಆಗಿತ್ತು.

'ಒಳ್ಳೇದೇ ಆಯ್ತು ಬಿಡಿ ಅಳಿಯಂದ್ರೇ' ಎಂದಳು ಅಮ್ಮ. 'ಗುಡೀಲಿ ಚಪ್ಪಲಿ ಹೋದ್ರೆ ಶನಿ ಬಿಟ್ಟ ಹಾಗೆ.'

ಭಾವ ಮಾತಾಡಲಿಲ್ಲ. ನಾನು ಮಾತ್ರ ತಕ್ಷಣ ಹಾಳೆ ತೆಗೆದು ಪಾವಗಡದ ಮೇಲೆ ಗೀಟು ಎಳೆದೆ. ಶನಿ ಇಲ್ಲೇ ಬಿಟ್ಟ ಮೇಲೆ ಅಷ್ಟು ದೂರ ಹೋಗಿ ಮಾಡೋದೇನು?

ಕೊರಟಗೆರೆಯಲ್ಲಿ ಹವಾಯಿ ಚಪ್ಪಲಿ ಕೊಂಡೆವು. ಗೊರವನಹಳ್ಳಿಯಲ್ಲಿ ಭಾವ ಗುಡಿಯೊಳಗೆ ಬರಲೇ ಇಲ್ಲ. ಎಲ್ಲರ ಚಪ್ಪಲಿ ಕಾಯುತ್ತೇನೆ ಎಂದರು.

ಮಧುಗಿರಿ ತಲುಪಿದಾಗ 1:30. ಹಾಳೆಯಲ್ಲಿ 10:30 ಇತ್ತು. ಒಂದೇ ಬಂಡೆಯ ಬೆಟ್ಟ, ಮಟಮಟ ಮಧ್ಯಾಹ್ನಕ್ಕೆ ಕಾದ ಕಾವಲಿ. ನಾನು ಮರೆತಿದ್ದ ಲೆಕ್ಕ ಅಲ್ಲಿ ನೆನಪಾಯಿತು. ಮಧ್ಯಾಹ್ನ ದೇವರು ಬಾಗಿಲು ಹಾಕಿಕೊಂಡು ಮಲಗುತ್ತಾನೆ. ಜಿಂಕೆ ನೆರಳು ಹುಡುಕಿ ಮಲಗುತ್ತದೆ. ಎದ್ದಿರುವುದು ಕಲ್ಲು ಮಾತ್ರ, ಅದೂ ಸಿಟ್ಟಿನಲ್ಲಿ. ಟೂರು ಹೊರಟವರು ಎಲ್ಲಿಗೇ ಆಗಲಿ ಮುಟ್ಟುವುದು ಸರಿಯಾಗಿ ಆ ಹೊತ್ತಿಗೇ.

ಭಾವ ಹವಾಯಿ ಚಪ್ಪಲಿಯಲ್ಲೇ ಕೋಟೆ ಬಾಗಿಲು ದಾಟಿದರು. ಮುಂದೆ ಕಡಿದಾದ ಬಂಡೆ, ಕಾಲಿಡಲು ಕೊರೆದ ಗುಳಿಗಳು. ಚಪ್ಪಲಿ ಒಂದೇ ಒಂದು ಸಲ ಜಾರಿತು. ಭಾವ ಅಲ್ಲೇ ಗೋಡೆ ನೆರಳಿಗೆ ಕೂತು, ಹೈದರಾಲಿ ಈ ಕೋಟೆಯನ್ನು ಹೇಗೆ ಗಟ್ಟಿ ಮಾಡಿಸಿದ ಎಂದು ಶುರು ಮಾಡಿದರು. ಮೇಲೆ ಹತ್ತಿ ಹೇಳಿ ಭಾವ ಎಂದರೆ, 'ಇತಿಹಾಸ ಕೂತು ಕೇಳಿದರೇ ಚೆಂದ' ಎಂದರು.

ಇಷ್ಟೆಲ್ಲ ತಡವಾದ ಕಾರಣಕ್ಕೇ ಮೈದನಹಳ್ಳಿ ಮುಟ್ಟಿದಾಗ ಸಂಜೆ 5 ದಾಟಿತ್ತು. ಸುಮಾರು 800 ಎಕರೆ ಹುಲ್ಲುಗಾವಲು, ತಣ್ಣಗೆ ಗಾಳಿ. ಮೊದಲು ನೋಡಿದವನು ಡ್ರೈವರ್. ಬೆರಳು ತೋರಿಸಿ ಸುಮ್ಮನಾದ. ಕಪ್ಪು ಮೈ, ಬಿಳಿ ಹೊಟ್ಟೆ, ತಿರುಚಿದ ಕೊಂಬಿನ ಒಂದು ಗಂಡು. ಹಿಂದೆ ಹತ್ತು ಹನ್ನೆರಡು ಕಂದು ಹೆಣ್ಣು. ನಮ್ಮ ಕಾರು ನೋಡಿ ಒಂದು ಚಂಗನೆ ನೆಗೆಯಿತು, ಅದರ ಹಿಂದೆ ಎಲ್ಲವೂ ನೆಗೆದವು, ನೆಲ ಸುಡುತ್ತಿದೆಯೇನೋ ಅನ್ನೋ ಹಾಗೆ. ಪ್ರಾಣಿ ಗೀಣಿ ಬೇಡ ಎಂದಿದ್ದ ಅಮ್ಮ ಕಿಟಕಿಯಿಂದ ಅರ್ಧ ಹೊರಗಿದ್ದಳು.

'ಏ ನೋಡೋ! ನಿನ್ನ ಮುಂಜೀಲಿ ಜನಿವಾರಕ್ಕೆ ಕಟ್ಟಿದ್ವಲ್ಲ ಚರ್ಮದ ಚೂರು, ಇದರದ್ದೇ ಕಣೋ!'

'ಯಾರ ಚರ್ಮ?' ಎಂದು ಹಿಂದಿನ ಸೀಟಿನಿಂದ ಚಿಂಟು ಎದ್ದ. ಮಧುಗಿರಿಯಿಂದ ಅಕ್ಕನ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದವನು. ಅವನು ದುರ್ಬೀನು ಸರಿಮಾಡಿಕೊಳ್ಳುವ ಹೊತ್ತಿಗೆ ಕೊನೆಯದೂ ಹುಲ್ಲಿನಲ್ಲಿ ಮರೆಯಾಯಿತು. ತುಂಬಾ ಹೊತ್ತು ಹುಡುಕಿದ. ಸಿಕ್ಕಿದ್ದು ಬೇಲಿ ಆಚೆ ಮೇಯುತ್ತಿದ್ದ ಮೂರು ಎಮ್ಮೆ.

'ಲೆಕ್ಕಕ್ಕೆ ಸೇರಿಸೋಣವಾ?' ಎಂದೆ.

ಈ ಸಲ ಅವನು ಸ್ವಲ್ಪ ಯೋಚನೆ ಮಾಡಿದ.